ಗುದ್ದಿದವನ ಹೆಸರು ಬೇಡವಂತೆ

ಸ್ನೇಹಿತರೇ, ಇವತ್ತು ಕುಣಿಗಲ್‌ನ ನಮ್ಮ ಆನ್‌ಲೈನ್ ಸೆಂಟರಿಗೆ ರಂಗಪ್ಪನವರು ಅಪಘಾತ ಪರಿಹಾರದ ಅರ್ಜಿ ತುಂಬಿಸಲು ಬಂದಿದ್ದರು. ತೆಂಗಿನ ಮರ ಹತ್ತಿ ಕಾಯಿ ಕೀಳುವುದೇ ಅವರ ಬದುಕು. ಈಗ ಕಾಲೊಳಗೆ ರಾಡು ಹಾಕಿದ್ದಾರೆ. ತೋಳು ಹಿಡಿದು ಕರೆತಂದವನು ಅವರದೇ ಊರಿನ ಮಂಜ. ಅವರಿಗೆ ಗುದ್ದಿದ ಆಟೊ ಡ್ರೈವರೂ ಅವನೇ.

ಗುದ್ದಿದವರ ಹೆಸರು ಕೇಳುವ ಕಾಲಂ ಬಂತು.

“ಅದು ಬುಡಿ ಸಾ. ಯಾರೋ ಗೊತ್ತಿಲ್ಲ ಅಂತ ಹಾಕಿ,” ಎಂದರು ರಂಗಪ್ಪ.

“ಹೆಸರಿಲ್ಲದೆ ಅರ್ಜಿ ಮುಂದಕ್ಕೆ ಹೋಗಲ್ಲ,” ಎಂದೆ.

“ನನ್ ಹೆಸ್ರು ಹಾಕ್ಸಣ್ಣೋ. ಕಾಸು ಕೊಡೋರು ಇನ್ಶೂರೆನ್ಸ್‌ನೋರು,” ಎಂದ ಮಂಜ.

“ಕೋರ್ಟಲ್ಲಿ ನಿನ್ ಹೆಸ್ರು ಕೂಗ್ತಾರೆ ಕಣ್ಲಾ. ಮಗ್ಳಿಗೆ ಗಂಡು ನೋಡ್ತಾ ಇದೀಯ!”

“ನೀನು ಮರ ಹತ್ತದೆ ಮನೇಲಿ ಕೂತ್ರೆ ನಂಗೆ ಅನ್ನ ಇಳೀತದಾ?”

ಮಂಜ ತನ್ನ ಲೈಸೆನ್ಸ್ ತೆಗೆದು ನನ್ನ ಕೀಬೋರ್ಡಿನ ಮೇಲಿಟ್ಟ. ರಂಗಪ್ಪ ಮುಖ ತಿರುಗಿಸಿಕೊಂಡರು. ನಾನು ಹೆಸರು ಟೈಪ್ ಮಾಡಿದೆ.

ಮುಂದಿನ ಪ್ರಶ್ನೆ, ಈ ಚಾಲಕರ ವಿರುದ್ಧ ನಿಮ್ಮ ದೂರೇನು?

ರಂಗಪ್ಪ ಮಂಜನ ಕಡೆ ನೋಡಿದರು. “ಬ್ರೇಕ್ ಸರಿ ಮಾಡ್ಸ್ಕೊ ಅಂತ ಬರೀರಿ ಸಾ.”

ಹಾಗೆಯೇ ಬರೆದಿದ್ದೇನೆ. ಸಾಲದಿದ್ದರೆ ವಕೀಲರು ತಿದ್ದಿಕೊಳ್ಳಲಿ. ನಾನು ಕೂಲಿ ಪಡೆದದ್ದು ಟೈಪಿಂಗಿಗೆ. ಇಲ್ಲದ ಜಗಳ ಹುಟ್ಟಿಸುವುದಕ್ಕಲ್ಲ.