ಒರೆ ತಪ್ಪಿದ ಕೆರಿಸ್

ಕನ್ನಡಕದಂಗಡಿಯವನಿಗೆ ಹಳೆಯ ಕತ್ತಿಗಳ ಹುಚ್ಚು. ಅದೂ ಜಾವಾ, ಬರ್ಮಾ ಕಡೆಯವೇ ಆಗಬೇಕು. ನೆಂಟರ ಮಕ್ಕಳ ಬಾಯಲ್ಲಿ ಅವನು 'ಕತ್ತಿಮಾವ'. ಗಿರಾಕಿಯ ಕಣ್ಣಿನ ನಂಬರು ಮರೆತರೂ ಒಮ್ಮೆ ಕಂಡ ಅಲಗನ್ನು ಮರೆಯುವವನಲ್ಲ. ಆಸಿಡ್ ಸವರಿ ಮುದಿತನ ಬರಿಸಿದ ನಕಲಿಯನ್ನು ಬೆರಳು ಆಡಿಸಿಯೇ ಪತ್ತೆ ಹಚ್ಚುತ್ತಿದ್ದ.

ಹಡಗಿನಲ್ಲಿ ದುಡಿದ ಭಾವ ತೀರಿಕೊಂಡ ಮೇಲೆ, ಅಕ್ಕ ಅವರ ಅಂಗಿಯಲ್ಲಿ ಸುತ್ತಿದ ಕೆರಿಸ್ ಒಂದನ್ನು ತಂದು ಅಂಗಡಿಯ ಮೇಜಿನ ಮೇಲಿಟ್ಟಳು. ಕೆರಿಸ್ ಅಂದರೆ ಹಾವಿನ ಹಾಗೆ ಬಳುಕಿದ ಅಲಗಿನ ಜಾವಾದ ಕಿರುಗತ್ತಿ.

"ನೀನೇ ಇಟ್ಕೊಳ್ಳೋ. ಬೀರುವಿನೊಳಗೆ ತಾನಾಗೇ ಲೊಟಲೊಟ ಅನ್ನುತ್ತೆ. ನನಗೆ ಎದೆ ಡವಡವ."

ಅವನು ನಕ್ಕು ಭೂತಗನ್ನಡಿ ಹಿಡಿದ. ಕಬ್ಬಿಣದ ಪದರಗಳು ಮರದ ನಾರಿನಂತೆ ಮೂಡಿದ್ದವು, ಅಸಲಿ ಮಾಲು. ಒರೆಯ ಬಾಯಿ ಮಾತ್ರ ಅಲಗಿಗಿಂತ ಅಗಲ.

"ಅಕ್ಕಾ, ಒರೆ ಇದರದ್ದಲ್ಲ. ಯಾವುದೋ ಕತ್ತಿಯ ಒರೆಗೆ ಇದನ್ನ ತುರುಕಿದ್ದಾರೆ. ಬೀದೀಲಿ ಲಾರಿ ಹೋದ್ರೆ ಅಲ್ಲಾಡುತ್ತೆ, ಅಷ್ಟೇ."

"ನಮ್ಮ ಓಣಿಗೆ ಸೈಕಲ್ಲೇ ಸರಿಯಾಗಿ ನುಗ್ಗಲ್ಲ, ಲಾರಿ ಎಲ್ಲಿಂದ ಬರುತ್ತೋ?"

ಮನೆಗೆ ಒಯ್ದು ಕಪಾಟಿನಲ್ಲಿಟ್ಟ. ಮರುದಿನ ಮಧ್ಯಾಹ್ನ, ಎಲೆಯೂ ಅಲುಗದ ಹೊತ್ತು, ಉಂಡು ಕೈತೊಳೆಯುತ್ತಿದ್ದವನಿಗೆ ಸದ್ದು ಕೇಳಿಸಿತು. ಯಾರೋ ಒಳಗೆ ಸಿಕ್ಕಿಬಿದ್ದು ಬಾಗಿಲು ತಟ್ಟಿದ ಹಾಗೆ. ಹೆಂಡತಿ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು.

ಅವನ ಗೋಡೆಯ ಮೇಲೆ, ಬೇರೊಂದು ಊರಿನ ಗುಜರಿಯಲ್ಲಿ ವರ್ಷಗಳ ಹಿಂದೆ ಸಿಕ್ಕ ಒರೆಯಿಲ್ಲದ ಕೆರಿಸ್ ಒಂದಿತ್ತು. ಅದೇನು ಹೊಳೆಯಿತೋ, ಅದನ್ನಿಳಿಸಿ, ಭಾವನ ಅಲಗನ್ನು ಹೊರಗೆಳೆದಿಟ್ಟು, ಅಕ್ಕ ತಂದ ಒರೆಗೆ ತೂರಿಸಿದ. ಸರಕ್ಕನೆ ಜಾರಿ ಕಚ್ಚಿ ಕೂತಿತು. ಅಲಗಿನ ಬುಡದ ಹಳೇ ಮುಕ್ಕಿಗೆ ಒರೆಯ ಬಾಯಿಯ ಉಬ್ಬು ಕೂಡಿಕೊಂಡು, ನಡುವೆ ಕೂದಲೆಳೆಯೂ ತೂರದಂತಾಯಿತು.

"ಅದಕ್ಕೆ ಮನೆ ಸಿಕ್ತು. ಇದರ ಗತಿ ಏನ್ರೀ?" ಎಂದಳು ಹೆಂಡತಿ, ಬರಿಮೈಯಲ್ಲಿ ಬಿದ್ದಿದ್ದ ಭಾವನ ಅಲಗನ್ನು ತೋರಿಸಿ.

ಸದ್ದು ಅಂದಿಗೆ ನಿಂತಿತು. ಭಾವನ ಅಲಗನ್ನು ಕಪಾಟಿನಲ್ಲಿ ಬಟ್ಟೆಯ ಮೇಲೆ, ಮೊನೆ ಗೋಡೆಯ ಕಡೆಗಿರುವಂತೆ ಮಲಗಿಸಿ ಬೀಗ ಹಾಕಿದ. ಬೆಳಿಗ್ಗೆ ತೆಗೆದರೆ ಮೊನೆ ಬಾಗಿಲಿನ ಕಡೆಗೆ.

"ನೀನೇನಾದ್ರೂ ಮುಟ್ಟಿದ್ಯಾ?"

"ಬೀಗದ ಕೈ ನಿಮ್ಮ ಜೇಬಲ್ಲೇ ಇದೆಯಲ್ರೀ."

ಈಗ ಅವನು ಕತ್ತಿ ಕೊಳ್ಳುವುದಿಲ್ಲ. ಹರಾಜು, ಗುಜರಿ ಎಲ್ಲೇ ಹೋದರೂ ಖಾಲಿ ಒರೆಗಳನ್ನೇ ತಡಕುತ್ತಾನೆ. ಇನ್ನೂ ಯಾವುದೂ ಕೂಡಿಲ್ಲ. ಮೊನೆಯನ್ನು ಗೋಡೆಗೆ ತಿರುಗಿಸುವ ಹಟವನ್ನೂ ಬಿಟ್ಟಿದ್ದಾನೆ. ಮೊನ್ನೆ ಬಂದ ಅಕ್ಕ ಆ ಕಪಾಟಿನ ಎದುರು ಬಹಳ ಹೊತ್ತು ಕೂತಿದ್ದು, ಗಂಡನನ್ನು ಕೇಳುತ್ತಿದ್ದ ದನಿಯಲ್ಲೇ ಆ ಅಲಗನ್ನು ಕೇಳಿದಳು:

"ಎಲ್ಲಿಗೆ ಹೋಗ್ಬೇಕು ಅಂತ ಒಂದು ಮಾತು ಹೇಳ್ಬಾರ್ದಾ?"