ಉತ್ತರ ಕೊಡದ ಕ್ಲಬ್

ಕೆಲಸಕ್ಕೆ ಅರ್ಜಿ ಹಾಕಿದವರು ಹೇಳಿದ್ದು ನಿಜವೇ ಎಂದು ಅವರ ಹಳೆಯ ಮಾಲೀಕರನ್ನು ಕೇಳಿ ನೋಡುವುದು ಅಮೆರಿಕದ ಟೆಕ್ಸಸ್‌ನಲ್ಲಿ, ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ನಮ್ಮ ಕಂಪನಿಯ ಕಸುಬು. ಹತ್ತಿರದ ಫ್ರಿಸ್ಕೋ ಊರಿನ ಶಾಲೆಯೊಂದಕ್ಕೆ ವಾಲಿಬಾಲ್ ಕೋಚ್ ಬೇಕಾಗಿತ್ತು. ಅರ್ಜಿ ಹಾಕಿದ್ದ ಗ್ರೀಕ್ ಮಹಿಳೆ ಆಗ ಹೋಟೆಲೊಂದರಲ್ಲಿ ರೂಮು ಗುಡಿಸುತ್ತಿದ್ದರು. ಗ್ರೀಸ್‌ನಲ್ಲಿ ಅವರು ಆಡಿದ್ದ ವಾಲಿಬಾಲ್ ಕ್ಲಬ್ಬಿಗೆ ನಾವು ಕಳಿಸಿದ ಈಮೇಲ್‌ಗಳಿಗೆ ಉತ್ತರವೇ ಬರಲಿಲ್ಲ. ಕೊನೆಗೆ ಅವರೇ ಆಫೀಸಿಗೆ ಬಂದರು.

"ಕ್ಲಬ್ ಮುಚ್ಚಿಹೋಯಿತು" ಎಂದರು. "ನಮ್ಮಮ್ಮನ ಕಾಲದಲ್ಲಿ ಶಾಲೆಯ ಅಂಗಳದಲ್ಲಿ ಶುರುವಾಗಿತ್ತು. ನಮ್ಮ ಕಾಲಕ್ಕೆ ದೇಶದ ಕಪ್ ಗೆದ್ದೆವು. ಆಮೇಲೆ ದೇಶವೇ ದಿವಾಳಿಯಾಯಿತು. ಮೊದಲು ಸಂಬಳ ನಿಂತಿತು, ಆಮೇಲೆ ಬಿಸಿನೀರು, ಆಮೇಲೆ ಲೈಟು. ಕಪ್ಪನ್ನೂ ಸಾಲ ಕೊಟ್ಟವರು ಒಯ್ದರು."

"ಬೇರೆ ಪುರಾವೆ ಏನಾದರೂ?" ಎಂದೆ.

ಬಲಗೈ ಚಾಚಿದರು. ಕಿರುಬೆರಳು ಸೊಟ್ಟಗಿತ್ತು. "ಫೈನಲ್‌ನಲ್ಲಿ ಮುರಿದದ್ದು. ಪಟ್ಟಿ ಸುತ್ತಿಕೊಂಡು ಆಡಿದೆ."

ನಮ್ಮ ಮ್ಯಾನೇಜರ್ ಮೈಸೂರಿನವರು, ಮೃದು ಮನಸ್ಸು. ಬೆರಳು ನೋಡಿ ಕನ್ನಡದಲ್ಲಿ, "ಪಾಪ ಕಣ್ರೀ. ಆದ್ರೆ ಇದನ್ನ ಅಪ್‌ಲೋಡ್ ಮಾಡೋದು ಎಲ್ಲಿ?" ಅಂದರು.

"ಏನಂದರು?" ಎಂದು ಆಕೆ ನನ್ನನ್ನು ಕೇಳಿದರು.

"ಪರಿಶೀಲಿಸ್ತೀವಿ ಅಂದರು."

ನಮ್ಮ ಸಾಫ್ಟ್‌ವೇರ್‌ನಲ್ಲಿ ಇದ್ದದ್ದು ಎರಡೇ ಗುಂಡಿ: ಉತ್ತರ ಬಂದಿದೆ, ಬಂದಿಲ್ಲ. ಸತ್ತುಹೋದ ಕ್ಲಬ್ಬಿಗೆಂದು ಮೂರನೆಯದನ್ನು ಯಾರೂ ಮಾಡಿರಲಿಲ್ಲ. ನಾನು "ಬಂದಿಲ್ಲ" ಒತ್ತಿದೆ.

ಕೆಲಸ ಬೇರೊಬ್ಬನಿಗೆ ಸಿಕ್ಕಿತು. ಆತ ಮೊದಲು ಶೂ ಅಂಗಡಿಯಲ್ಲಿದ್ದ, ವಾಲಿಬಾಲ್ ಶೂಗಳನ್ನೂ ಮಾರಿದ್ದನಂತೆ. ನಾವು ಕೇಳಿದ ದಿನವೇ ಅಂಗಡಿಯವರು ಉತ್ತರ ಕೊಟ್ಟರು.