ತೊಟ್ಟಿಗೆ ಬೀಳದ ಗುಬ್ಬಿ

ಸೋಮನೂರಿನ ಸೆಲ್ಲಮ್ಮನಿಗೆ ಬೆಳಗಾಯಿತೆಂದರೆ ಸುಸ್ತು ಮತ್ತೆ ಶುರುವಾಯಿತೆಂದೇ ಅರ್ಥ. ಗಂಡ ತೀರಿಕೊಂಡ ಮೇಲೆ ಮೈದುನ ಗೋವಿಂದಸಾಮಿಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಅವಳ ಬಲಭುಜ ಸೋತುಹೋಗಿತ್ತು. ಅದನ್ನಾದರೂ ಹೇಗೋ ಸಹಿಸಿಕೊಂಡಾಳು, ಬಾವಿಯ ನೀರನ್ನು ಸಹಿಸುವುದು ಹೇಗೆ? ನೂಲಿಗೆ ಸಾಯ, ಅಂದರೆ ಬಣ್ಣ, ಹಾಕುವ ತೊಟ್ಟಿಯನ್ನು ಗೋವಿಂದಸಾಮಿ ಹಿತ್ತಲಲ್ಲಿ, ಅವಳ ಕೋಣೆಯ ಪಕ್ಕದ ಬಾವಿಗೆ ಅಂಟಿಕೊಂಡಂತೆ ಕಟ್ಟಿಸಿದ್ದ. ಅಂದಿನಿಂದ ಸೇದಿದ ನೀರೆಲ್ಲ ತಿಳಿಗೆಂಪು, ಬಾಯಿಗಿಟ್ಟರೆ ಕಹಿ. ಮುಂದಿನ ಮನೆಯಲ್ಲಿದ್ದ ಗೋವಿಂದಸಾಮಿಗೆ ಕೊಳಾಯಿ ಇತ್ತು. ತೊಟ್ಟಿಯನ್ನು ಬೇರೆ ಕಡೆ ಕಟ್ಟಿಸು ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಅವನೇನೂ ಕೆಟ್ಟವನಲ್ಲ. ಕುಲದೇವತೆ ಸೌಡಮ್ಮನಿಗೆ ಕೈ ಮುಗಿಯದೆ ಮಗ್ಗ ಮುಟ್ಟುವವನಲ್ಲ. ಅತ್ತಿಗೆಯ ಮಾತು ಮಾತ್ರ ಅವನ ಕಿವಿಗೆ ಇಳಿಯುತ್ತಿರಲಿಲ್ಲ, ಅಷ್ಟೆ.

ಎಂಬತ್ತೈದನೇ ಇಸವಿಯ ಮಾರ್ಗಳಿ ತಿಂಗಳ ಒಂದು ಚಳಿಯ ಬೆಳಿಗ್ಗೆ, ಎಂದಿನಂತೆ ಹಳೆಯ ಮೊರದಲ್ಲಿ ಗುಬ್ಬಿಗಳಿಗೆ ಸಜ್ಜೆ ಹಾಕಿ ಬಾವಿಕಟ್ಟೆಯ ಮೇಲೆ ಇಟ್ಟಳು. ಬಂದ ಗುಂಪಿನಲ್ಲಿ ಒಂದರ ತಲೆ, ಕತ್ತು, ಎದೆ ಎಲ್ಲ ಕೆಂಪು. ಬಣ್ಣದವರ ಬೀದಿಯಲ್ಲಿ ಇಂಥದ್ದು ಹೊಸದಲ್ಲ. ನೀಲಿ ಬಾಲದ ಬೆಕ್ಕು, ಹಸಿರು ಕಾಲಿನ ಕೋಳಿಗಳನ್ನು ನೋಡಿಕೊಂಡೇ ಬೆಳೆದವಳು ಸೆಲ್ಲಮ್ಮ. ಗುಬ್ಬಿ ತೊಟ್ಟಿಗೆ ಬಿದ್ದೆದ್ದಿದೆ ಎಂದು ಅವಳಿಗೆ ಖಾತ್ರಿಯಾಯಿತು.

“ಗೋವಿಂದಾ, ಬಂದು ನೋಡು ನಿನ್ನ ಸಾಯದ ತೊಟ್ಟಿ ಮಾಡಿರೋ ಕೆಲಸಾನ!”

ಗೋವಿಂದಸಾಮಿ ಓಡಿ ಬಂದ. ನೋಡಿದವನ ಮುಖ ಬಾಡಿತು.

“ಅಯ್ಯೋ ಪಾವಂ! ಬಾಯಿಲ್ಲದ ಜೀವ. ಈ ಪಾಪ ನನ್ನ ಮಕ್ಕಳಿಗೆ ತಟ್ಟುತ್ತೆ ಅತ್ತಿಗೆ. ಪೊಂಗಲ್ ಮುಗೀಲಿ, ತೊಟ್ಟಿನ ತೋಟದ ಕಡೆ ಕಟ್ಟಿಸಿಬಿಡ್ತೀನಿ.”

ಸೆಲ್ಲಮ್ಮನಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ತಾನು ವರ್ಷಗಟ್ಟಲೆ ಹೊಟ್ಟೆನೋವೆಂದು ಮಲಗಿದ್ದು ಇವನಿಗೆ ಕಾಣಲಿಲ್ಲ, ಒಂದು ಗುಬ್ಬಿ ಕಂಡಿತಲ್ಲ! ಆದರೆ ಜಗಳವಾಡುವ ತ್ರಾಣ ಎಲ್ಲಿತ್ತು? ತೊಟ್ಟಿ ಹೋದರೆ ಸಾಕಾಗಿತ್ತು. ಅಲ್ಲಿಯವರೆಗೆ ಗುಬ್ಬಿ ಅವನ ಕಣ್ಣೆದುರಿಗೇ ಇರಲಿ ಎಂದು ದಿನವೂ ಒಂದು ಹಿಡಿ ಸಜ್ಜೆ ಹೆಚ್ಚಿಗೆ ಸುರಿದಳು.

ಪೊಂಗಲ್ಲಿಗೆ ಗೋವಿಂದಸಾಮಿಯ ಷಡ್ಡಕ ರಂಗನಾಥ ಕೊಯಮತ್ತೂರಿನಿಂದ ಬಂದ. ಕಾಲೇಜಿನಲ್ಲಿ ಪಾಠ ಹೇಳುವವನು, ಹಕ್ಕಿಗಳೆಂದರೆ ಹುಚ್ಚು. ಮನಸ್ಸು ತಡೆಯದೆ ಗೋವಿಂದಸಾಮಿ ತನ್ನ ಪಾಪವನ್ನು ತೋರಿಸಲು ಅವನನ್ನು ಹಿತ್ತಲಿಗೆ ಕರೆತಂದ. ರಂಗನಾಥ ಕುಣಿಯುವುದೊಂದು ಬಾಕಿ.

“ಇದು ಗುಬ್ಬಿನೇ ಅಲ್ಲ! ರೋಸ್‌ಫಿಂಚ್ ಅಂತ. ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬರುತ್ತೆ. ಈ ಬಯಲಿಗೆ ಬರೋದು ಬಹಳ ಅಪರೂಪ. ಕೊಕ್ಕು ಎಷ್ಟು ದಪ್ಪ ಇದೆ ನೋಡಿ. ತೊಟ್ಟಿಗೆ ಬಿದ್ದಿದ್ರೆ ರೆಕ್ಕೆನೂ ಕೆಂಪಾಗಬೇಕಿತ್ತಲ್ಲ? ಅದು ಕಂದು ಬಣ್ಣಕ್ಕೇ ಇದೆ. ಈ ಕೆಂಪು ಅದರ ಸ್ವಂತದ್ದು.”

“ಹಂಗಾದ್ರೆ ನನ್ನ ತೊಟ್ಟಿದು ತಪ್ಪಿಲ್ಲ!” ಗೋವಿಂದಸಾಮಿ ಎದೆಯ ಮೇಲೆ ಕೈಯಿಟ್ಟು ಉಸಿರುಬಿಟ್ಟ. “ಸೌಡಮ್ಮ ಕಾಪಾಡಿದಳು. ತೊಟ್ಟಿ ಇಲ್ಲೇ ಇರಲಿ ಬಿಡಿ ಅತ್ತಿಗೆ.”

ಸೆಲ್ಲಮ್ಮ ಕೋಣೆಯೊಳಗೆ ಹೋಗಿ, ಕೊಡದಿಂದ ಒಂದು ಗಾಜಿನ ಲೋಟ ನೀರು ಬಗ್ಗಿಸಿ ತಂದು ರಂಗನಾಥನ ಕೈಗೆ ಕೊಟ್ಟಳು. ಅವನು ಅದನ್ನು ಬಾಯಿಯ ತನಕ ತಂದು ತಡೆದ.

“ಹಕ್ಕಿ ಗುರುತು ಹೇಳಿದ್ರಲ್ಲ ಸಾಮಿ, ಇದನ್ನೂ ಹೇಳಿ,” ಎಂದಳು. “ಈ ಕೆಂಪೂ ಹಿಮಾಲಯದಿಂದ ಬಂತಾ?”

ರಂಗನಾಥ ಷಡ್ಡಕನ ಮುಖ ನೋಡಿದ. ಷಡ್ಡಕ ಹಕ್ಕಿಯನ್ನು ನೋಡುತ್ತಿದ್ದ.

“ಈಗ ಬಾಯಾರಿಕೆ ಇಲ್ಲಕ್ಕಾ,” ಎಂದು ರಂಗನಾಥ ಲೋಟವನ್ನು ಬಾವಿಕಟ್ಟೆಯ ಮೇಲಿಟ್ಟ. ಒಳಗಿನಿಂದ ಊಟಕ್ಕೆ ಕರೆದರು, ಇಬ್ಬರೂ ಹೋದರು.

ಸೆಲ್ಲಮ್ಮನಿಗೆ ಬಾಯಾರಿತ್ತು. ಲೋಟ ಎತ್ತಿಕೊಂಡು ಅವಳೇ ಕುಡಿದಳು.